ಗಣಿ ಮೇಷ್ಟ್ರ ಹೈಕು: ಯಮಗುಚಿ ಸೇಸೊನ್ ಮತ್ತು ಆಫೀಸ್ ಮುಗಿದ ಮೇಲಿನ ಕಾವ್ಯ

ಟೋಕಿಯೋ ಯೂನಿವರ್ಸಿಟಿಯ ಹೊಂಗೋ ಕ್ಯಾಂಪಸ್ಸಲ್ಲಿ ಮೇನ್ ಗೇಟ್ ದಾಟಿದ್ರೆ ಯಸುದಾ ಹಾಲ್ ತನಕ ನೇರ ದಾರಿ, ಎರಡೂ ಕಡೆ ಗಿಂಕ್ಗೋ ಮರಗಳ ಸಾಲು. ಚಳಿಗಾಲಕ್ಕೆ ಸ್ವಲ್ಪ ಮುಂಚೆ ಆ ಎಲೆಗಳೆಲ್ಲಾ ಅರಿಶಿನದ ಬಣ್ಣಕ್ಕೆ ತಿರುಗಿ ಒಂದೇ ಸಮನೆ ಉದುರ್ತವೆ. ಆ ದಾರಿಯ ಪಕ್ಕದಲ್ಲೇ ಲಾ ಫ್ಯಾಕಲ್ಟಿಯ ಕಟ್ಟಡ. ಈ ಜಾಗದ ಮೇಲೆ ಜಪಾನಲ್ಲಿ ತುಂಬಾ ಜನಕ್ಕೆ ಬಾಯಿಗೆ ಬರೋ ಒಂದು ಹೈಕು ಇದೆ:

ಇಚೋ ಚಿರು
ಮತ್ತದನಕ ನಿ
ಹೋಕ ಅರಿ

ಗಿಂಕ್ಗೋ ಎಲೆ ಉದುರ್ತಾ ಇವೆ, ನಟ್ಟನಡುವೆ ಲಾ ಫ್ಯಾಕಲ್ಟಿ ಇದೆ. ಇಷ್ಟೇ. ಇದನ್ನ ಬರೆದವರು ಲಾ ಓದಿದವರೂ ಅಲ್ಲ, ಸಾಹಿತ್ಯದ ಪ್ರೊಫೆಸರೂ ಅಲ್ಲ, ಅದೇ ಯೂನಿವರ್ಸಿಟಿಯ ಇಂಜಿನಿಯರಿಂಗ್ ಕಡೆ ಮೈನಿಂಗ್ ಪಾಠ ಮಾಡ್ತಿದ್ದ ಮೇಷ್ಟ್ರು. ಹೆಸರು ಯಮಗುಚಿ ಸೇಸೊನ್ (1892–1988). ಹೈಕು ಅಂದ್ರೆ ಬೆಟ್ಟದ ಮೇಲಿನ ಸನ್ಯಾಸಿ, ಕೊಳ, ಕಪ್ಪೆ, ಝೆನ್ ಮೌನ ಅಂತೆಲ್ಲಾ ನಮ್ಮಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ ಅಲ್ವಾ, ಅದನ್ನ ಸರಿಮಾಡ್ಕೊಳ್ಳೋಕೆ ಈ ಮನುಷ್ಯನಿಗಿಂತ ಒಳ್ಳೆ ದಾರಿ ನನಗಂತೂ ಕಂಡಿಲ್ಲ. ಯಾಕಂದ್ರೆ 20ನೇ ಶತಮಾನದ ಹೈಕು ಬೆಳೆದಿದ್ದೇ ಸಂಬಳಕ್ಕೆ ದುಡಿಯೋ ಜನರ ಮಧ್ಯೆ, ಡಾಕ್ಟರು, ಇಂಜಿನಿಯರು, ಗುಮಾಸ್ತರು ಸಂಜೆ ಹೊತ್ತು ಸೇರಿ ಮಾಡ್ತಿದ್ದ ಕೂಟಗಳಲ್ಲಿ.

ಮೊದಲು ಮೇಲಿನ ಮೂರು ಸಾಲನ್ನೇ ಹತ್ತಿರದಿಂದ ನೋಡೋಣ.

5-7-5 ಅಂತ ಎಲ್ಲರೂ ಕೇಳಿರ್ತೀರಿ. ನಮ್ಮಲ್ಲಿ ಹೈಕು ಬರೆಯೋ ಬಹಳ ಜನ ಇದನ್ನ 5-7-5 ಅಕ್ಷರ ಅಂತ ತಗೊಂಡು ಬೆರಳು ಮಡಚ್ತಾರೆ. ಜಪಾನೀಯರು ಎಣಿಸೋದು ಅಕ್ಷರ ಅಲ್ಲ, ಉಚ್ಚಾರಣೆಗೆ ಹಿಡಿಯೋ ಕಾಲ. ಹೈಸ್ಕೂಲಲ್ಲಿ ಛಂದಸ್ಸು ಓದಿದವರಿಗೆ ಇದು ತಕ್ಷಣ ಗೊತ್ತಾಗುತ್ತೆ, ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ, ಅದೇ ಲೆಕ್ಕ ಇಲ್ಲಿ ಹೆಚ್ಚುಕಮ್ಮಿ ಹಾಗೇ ಕೂರುತ್ತೆ. "ಇಚೋ ಚಿರು": ಇ ಒಂದು, ಚೋ ದೀರ್ಘ ಆದ್ದರಿಂದ ಎರಡು, ಚಿ ಒಂದು, ರು ಒಂದು, ಒಟ್ಟು 5. "ಮತ್ತದನಕ ನಿ": ಒತ್ತಕ್ಷರದ ಹಿಂದಿನ ಮ ಗುರು, ಅದಕ್ಕೆ ಎರಡು, ಉಳಿದ ಐದು ಲಘು, ಒಟ್ಟು 7. "ಹೋಕ ಅರಿ": ಹೋ ಎರಡು, ಕ, ಅ, ರಿ ಒಂದೊಂದು, ಮತ್ತೆ 5. ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿ ಅಂತ ಪರೀಕ್ಷೇಲಿ ಕೇಳ್ತಿದ್ರಲ್ಲ, ಅದನ್ನೇ ಜಪಾನೀ ಪದ್ಯದ ಮೇಲೆ ಮಾಡಿದ್ರೂ ಉತ್ತರ ಸರಿ ಬರುತ್ತೆ. ಅಂದ್ರೆ ಕನ್ನಡದ ಕಿವಿಗೆ ಹೈಕುವಿನ ನಡೆ ಹೊರಗಿನದ್ದೇನಲ್ಲ, ಹದಿನೇಳು ಮಾತ್ರೆಯ ಒಂದು ಪುಟ್ಟ ಬಂಧ.

ಎರಡನೇದು, ಋತು. ಹೈಕುವಿನಲ್ಲಿ ಕಾಲ ಸೂಚಿಸೋ ಒಂದು ಪದ ಇರಬೇಕು, ಅದಕ್ಕೆ ಕಿಗೊ ಅಂತಾರೆ. ಇಂಥ ಪದಗಳನ್ನೆಲ್ಲಾ ಋತುವಾರು ಜೋಡಿಸಿ, ಒಂದೊಂದಕ್ಕೂ ವಿವರಣೆ, ಉದಾಹರಣೆ ಪದ್ಯ ಕೊಟ್ಟು ಮಾಡಿದ ದಪ್ಪ ದಪ್ಪ ಪುಸ್ತಕಗಳಿವೆ, ಸಾಯ್ಜಿಕಿ ಅಂತ, ಹೈಕು ಬರೆಯೋರ ಕೈಲಿ ಸದಾ ಇರುತ್ತೆ. ಗಿಂಕ್ಗೋ ಎಲೆ ಉದುರೋದು ಶರತ್ಕಾಲದ ಕೊನೆಯ ಕಿಗೊ. ಆ ಪದ ಬಂತು ಅಂದ್ರೆ ಚಳಿ, ಬೇಗ ಕತ್ತಲಾಗೋದು, ಒಣ ಗಾಳಿ, ಇವ್ಯಾವನ್ನೂ ಬರೆಯೋ ಅಗತ್ಯ ಇಲ್ಲ, ಓದುಗನ ತಲೇಲಿ ಆಗಲೇ ಬಂದಿರ್ತವೆ. ಮೂರನೇದು, ಕಡಿತ. ಒಂದು ಕಡೆ ಪದ್ಯ ನಿಂತು, ಎರಡು ಸಂಗತಿ ಎದುರುಬದುರಾಗಬೇಕು. ಇಲ್ಲಿ ಒಂದು ಕಡೆ ಉದುರ್ತಾ ಇರೋ ಎಲೆ, ಇನ್ನೊಂದು ಕಡೆ ಅಲ್ಲಾಡದ ಕಟ್ಟಡ. ಆ ಕಾಲದಲ್ಲಿ ಟೋಕಿಯೋ ಲಾ ಫ್ಯಾಕಲ್ಟಿ ಅಂದ್ರೆ ದೇಶದ ಉನ್ನತ ಅಧಿಕಾರಿಗಳು ತಯಾರಾಗೋ ಜಾಗ, ಸರ್ಕಾರದ ಬಾಗಿಲು. ಸೇಸೊನ್ ಅದನ್ನ ಹೊಗಳಲಿಲ್ಲ, ಬೈಯಲಿಲ್ಲ, "ಇದೆ" ಅಂದ್ರು, ನಿಲ್ಲಿಸಿದ್ರು. ಆ "ಅರಿ", ಅಂದ್ರೆ ಇದೆ ಅನ್ನೋ ಕ್ರಿಯಾಪದದ ಗಟ್ಟಿತನದಲ್ಲೇ ಇಡೀ ಪದ್ಯ ನಿಂತಿದೆ ಅಂತ ನನ್ನ ಅನಿಸಿಕೆ.

ಈಗ ಮನುಷ್ಯನ ಕಡೆ ಬರೋಣ. ಸೇಸೊನ್ ಅನ್ನೋದು ಕಾವ್ಯನಾಮ, ನಿಜ ಹೆಸರು ಕಿಚಿರೋ. ಹುಟ್ಟಿದ್ದು ಉತ್ತರ ಜಪಾನಿನ ಇವಾತೆ ಪ್ರಾಂತ್ಯದ ಮೊರಿಯೋಕಾದಲ್ಲಿ, ಹಳೇ ಸಮುರಾಯ್ ಮನೆತನ, ತಾಯಿಯನ್ನ ಚಿಕ್ಕ ವಯಸ್ಸಲ್ಲೇ ಕಳಕೊಂಡವರು. ಓದಿದ್ದು ಮೊರಿಯೋಕಾ ಮಿಡಲ್ ಸ್ಕೂಲಲ್ಲಿ. ಕವಿ ಇಶಿಕಾವಾ ತಕುಬೊಕು ಓದಿದ್ದೂ ಅಲ್ಲೇ, ಆಮೇಲೆ ಇನ್ನೊಬ್ಬ ಕವಿ ಮಿಯಾಜಾವಾ ಕೆಂಜಿ ಓದಿದ್ದೂ ಅಲ್ಲೇ, ಆ ಕೆಂಜಿಗೂ ಕಲ್ಲು, ಮಣ್ಣು, ಭೂವಿಜ್ಞಾನದ ಹುಚ್ಚು! ಹಿಮ ಬೀಳೋ, ಬಡತನ ಜಾಸ್ತಿ ಇದ್ದ ಈ ಈಶಾನ್ಯ ಸೀಮೆಗೆ ಹಳೇ ಹೆಸರು ಮಿಚಿನೊಕು. ಸೇಸೊನ್ ಅವರ ಇನ್ನೊಂದು ಪ್ರಸಿದ್ಧ ಪದ್ಯ ಇದರ ಮೇಲೇ ಇದೆ, ಮಿಚಿನೊಕುವಿನ ಊರು ಮಂಕಾಗಿ, ಮನಸ್ಸಿಗೆ ಭಾರ ಆಗೋ ಹಾಗೆ ಇದೆ, ಸೂರಿಂದ ಮಂಜಿನ ಕೋಲುಗಳು ಇಳಿಬಿದ್ದಿವೆ ಅನ್ನೋ ಅರ್ಥದ್ದು. ಊರು ಬಿಟ್ಟು ರಾಜಧಾನಿ ಸೇರಿದವರು ಸಾಮಾನ್ಯವಾಗಿ ಊರನ್ನ ಸಿಹಿ ಮಾಡಿ ಬರೀತಾರೆ, ಇವರು ಮಂಕು ಅಂದ್ರೆ ಮಂಕು ಅಂತಲೇ ಬರೆದ್ರು, ಆದ್ರೂ ಪ್ರೀತಿ ಎಲ್ಲೂ ಕಮ್ಮಿ ಆಗಿಲ್ಲ.

ಟೋಕಿಯೋ ಇಂಪೀರಿಯಲ್ ಯೂನಿವರ್ಸಿಟಿಯಲ್ಲಿ ಮೈನಿಂಗ್ ಡಿಗ್ರಿ ಮಾಡಿದ್ರು. ಮೊದಲ ಕೆಲಸ ಫುರುಕಾವಾ ಗಣಿ ಕಂಪನೀಲಿ. ಆಶಿಯೋ ತಾಮ್ರದ ಗಣಿ ಇದೇ ಕಂಪನಿಯದ್ದು, 1890ರ ದಶಕದಲ್ಲಿ ಅಲ್ಲಿಂದ ಹರಿದ ವಿಷದಿಂದ ವತರಾಸೆ ನದಿಯ ಮೀನು ಸತ್ತು, ಗದ್ದೆ ಹಾಳಾಗಿ, ರೈತರು ಟೋಕಿಯೋ ತನಕ ನಡ್ಕೊಂಡು ಬಂದು ಹೋರಾಟ ಮಾಡಿದ್ದು ಜಪಾನಿನ ಮೊದಲ ದೊಡ್ಡ ಪರಿಸರ ಹೋರಾಟ. ಆಮೇಲೆ ಸೇಸೊನ್ ಸರ್ಕಾರದ ಕೃಷಿ ಮತ್ತು ವಾಣಿಜ್ಯ ಇಲಾಖೆಗೆ ಬಂದು, 1921ರಲ್ಲಿ ಓದಿದ ಯೂನಿವರ್ಸಿಟಿಗೇ ಮೇಷ್ಟ್ರಾಗಿ ವಾಪಸ್ ಬಂದ್ರು. ಮೈನಿಂಗ್ ಇಂಜಿನಿಯರ್ ಕೆಲಸ ಅಂದ್ರೆ ಬರೀ ಅಗೆಯೋದಲ್ಲ, ಕಲ್ಲಿನ ಪದರ ಯಾವ ಕಡೆ ವಾಲಿದೆ, ಅದಿರು ಎಲ್ಲಿ ತನಕ ಹೋಗಿದೆ, ಸುರಂಗಕ್ಕೆ ಗಾಳಿ ಹೇಗೆ ಒದಗಿಸೋದು, ಒಳಗೆ ಜಿನುಗೋ ನೀರನ್ನ ಹೇಗೆ ಮೇಲಕ್ಕೆತ್ತೋದು, ಅದಿರನ್ನ ಪುಡಿ ಮಾಡಿ ಬೇಡದ ಕಲ್ಲನ್ನ ಹೇಗೆ ಬೇರೆ ಮಾಡೋದು, ಇಷ್ಟೂ ಗೊತ್ತಿರಬೇಕು. ಬೇಡದ್ದನ್ನ ತೆಗೆದು ಲೋಹ ಉಳಿಸೋದೇ ಹೈಕು ಅಂತ ಒಂದು ಮಾತು ಇಲ್ಲಿ ಸಲೀಸಾಗಿ ಹೇಳಿಬಿಡಬಹುದು, ನನಗೆ ಅದು ಅಷ್ಟು ಒಪ್ಪಿಗೆ ಆಗಲ್ಲ. ಯಾಕಂದ್ರೆ ಇವರ ಪದ್ಯಗಳಲ್ಲಿ ಎದ್ದು ಕಾಣೋದು ಆ ಶೋಧಿಸೋ ಚಾಕಚಕ್ಯತೆ ಅಲ್ಲ, ಜಾಗಕ್ಕೆ ಹೋಗಿ ನಿಂತು ಕಂಡಿದ್ದನ್ನ ಅದರದ್ದೇ ಹೆಸರಿಂದ ಕರೆಯೋ ಅಭ್ಯಾಸ.

ಕ್ಯೂಶೂ ದ್ವೀಪದಲ್ಲಿ ಸೋಬೊ, ಕತಾಮುಕಿ ಅಂತ ಅಕ್ಕಪಕ್ಕದ ಎರಡು ಬೆಟ್ಟ, ಸೋಬೊ 1756 ಮೀಟರ್, ಕತಾಮುಕಿ 1605 ಮೀಟರ್, ಅವುಗಳ ಬುಡದಲ್ಲಿ ಒಬಿರಾ ಅನ್ನೋ ತವರದ ಗಣಿ ಇತ್ತು. ಸೇಸೊನ್ ಅವರ ಪದ್ಯದಲ್ಲಿ ಇರೋದು ಇಷ್ಟು: ಸೋಬೊ ಬೆಟ್ಟಕ್ಕೂ ಕತಾಮುಕಿ ಬೆಟ್ಟಕ್ಕೂ ಸಂಜೆ ಮಳೆ. ಎರಡು ಹೆಸರು, ಒಂದು ಮಳೆ. ವಿಶೇಷಣ ಒಂದೂ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ಬೆಟ್ಟ ಎಷ್ಟು ಎತ್ತರ, ಮಳೆ ಎಷ್ಟು ಜೋರು ಅಂತ ಹೇಳೋಕೆ ಹೋಗ್ತಿದ್ರೇನೋ. ಆದ್ರೆ ಎರಡು ದೊಡ್ಡ ಬೆಟ್ಟದ ಹೆಸರನ್ನ ಒಂದರ ಹಿಂದೆ ಒಂದು ಹೇಳಿದ ಮೇಲೆ ಮಳೆ ಎಷ್ಟು ಅಗಲ ಇದೆ ಅಂತ ಬೇರೆ ಹೇಳಬೇಕಾ?

ಈ ರೀತಿ ಬರೆಯೋದಕ್ಕೆ ಹಿಂದೆ ಒಂದು ಪರಂಪರೆ ಇದೆ, ಅದನ್ನ ಸ್ವಲ್ಪ ಹೇಳ್ಬೇಕು. ಮಸಾವೋಕಾ ಶಿಕಿ (1867–1902) ಅನ್ನೋರು ಸವೆದುಹೋಗಿದ್ದ ಹಳೇ ಪದ್ಯರೂಪಕ್ಕೆ ಹೈಕು ಅನ್ನೋ ಹೆಸರು ಗಟ್ಟಿ ಮಾಡಿ, ಚಿತ್ರಕಾರ ಎದುರಿಗಿರೋದನ್ನ ನೋಡಿ ಸ್ಕೆಚ್ ಮಾಡೋ ಹಾಗೆ ಬರೀರಿ ಅಂದ್ರು, ಅದಕ್ಕೆ ಶಾಸೇ ಅಂತ ಹೆಸರು. ಅವರ ಶಿಷ್ಯ ತಕಾಹಾಮಾ ಕ್ಯೋಶಿ (1874–1959) ಹೊತೊತೊಗಿಸು ಅನ್ನೋ ಪತ್ರಿಕೆಯನ್ನ ವಹಿಸ್ಕೊಂಡು ಬೆಳೆಸಿದ್ರು. ಆ ಪತ್ರಿಕೆ ನಡೆಯೋ ರೀತಿ ಗೊತ್ತಾದ್ರೆ ಹೈಕು ಲೋಕ ಅರ್ಧ ಗೊತ್ತಾದ ಹಾಗೆ: ಓದುಗರು ದೇಶದ ಮೂಲೆ ಮೂಲೆಯಿಂದ ಪದ್ಯ ಕಳಿಸ್ತಾರೆ, ಕ್ಯೋಶಿ ಒಬ್ಬರೇ ಕೂತು ಆರಿಸ್ತಾರೆ, ಆರಿಸಿದ್ದನ್ನ ಅಂಕಣದಲ್ಲಿ ಕ್ರಮವಾಗಿ ಹಾಕ್ತಾರೆ, ತಿಂಗಳ ಮೊದಲ ಸ್ಥಾನ ಸಿಕ್ಕಿತು ಅಂದ್ರೆ ಹಳ್ಳಿಯ ಪೋಸ್ಟ್ ಮಾಸ್ಟರ್ ಕೂಡ ರಾತ್ರೋರಾತ್ರಿ ಹೆಸರಾಗಬಹುದು. ಹೀಗೆ ಗುರು ಒಬ್ಬರು, ಪತ್ರಿಕೆ ಒಂದು, ಸುತ್ತ ಸಾವಿರಾರು ಬರೆಯೋರು, ಇಂಥ ಬಳಗಕ್ಕೆ ಕೆಶ್ಶಾ ಅಂತಾರೆ, ಇವತ್ತಿಗೂ ಹೈಕು ನಡೀತಿರೋದು ಹೆಚ್ಚಾಗಿ ಇವುಗಳ ಮೇಲೇ.

1922ರಲ್ಲಿ ಸೇಸೊನ್ ಕ್ಯೋಶಿ ಹತ್ರ ಬಂದ್ರು, ಆಗ ವಯಸ್ಸು 30. ಅದೇ ವರ್ಷ ಮಿಜುಹಾರಾ ಶೂಓಶಿ ಮುಂತಾದವರ ಜೊತೆ ಸೇರಿ ಯೂನಿವರ್ಸಿಟಿಯಲ್ಲಿ ಹೈಕು ಸಂಘ ಮತ್ತೆ ಕಟ್ಟಿದ್ರು. ಆರು ವರ್ಷ ಕಳೆದು 1928ರಲ್ಲಿ ಅವರು ಕೊಟ್ಟ ಒಂದು ಭಾಷಣ ಜಪಾನೀ ಸಾಹಿತ್ಯ ಚರಿತ್ರೆಯಲ್ಲಿ ಉಳ್ಕೊಂಡುಬಿಟ್ಟಿದೆ. ಪೂರ್ವದಲ್ಲಿ ಇಬ್ಬರು ಎಸ್, ಪಶ್ಚಿಮದಲ್ಲಿ ಇಬ್ಬರು ಎಸ್ ಇದ್ದಾರೆ ಅಂದ್ರು (ಎಸ್ ಅಂದ್ರೆ ಕಾವ್ಯನಾಮವನ್ನ ಇಂಗ್ಲಿಷಲ್ಲಿ ಬರೆದಾಗ ಬರೋ ಮೊದಲ ಅಕ್ಷರ): ಟೋಕಿಯೋ ಕಡೆ ಶೂಓಶಿ ಮತ್ತು ತಕಾನೊ ಸುಜೂ, ಒಸಾಕಾ ಕಡೆ ಯಮಗುಚಿ ಸೇಶಿ ಮತ್ತು ಅವಾನೊ ಸೇಹೊ. ಅಲ್ಲಿಂದ ಇವತ್ತಿನ ತನಕ ಎಲ್ಲಾ ಪಠ್ಯಗಳಲ್ಲೂ ಇವರು "ನಾಲ್ಕು ಎಸ್". ಸೇಸೊನ್ ಹೆಸರೂ ಎಸ್ ಇಂದಲೇ ಶುರು ಆಗೋದು, ಅದನ್ನ ಅವರು ಸೇರಿಸ್ಕೊಳ್ಳಲಿಲ್ಲ.

ಈ ನಾಲ್ವರ ಕೆಲಸ ಏನು ನೋಡಿ. ಶೂಓಶಿ ಹೆರಿಗೆ ಡಾಕ್ಟರು. ಸುಜೂ ಫೊರೆನ್ಸಿಕ್ ಮೆಡಿಸಿನ್ ಪ್ರೊಫೆಸರ್. ಸೇಶಿ ಸುಮಿತೊಮೊ ಕಂಪನಿ ಉದ್ಯೋಗಿ. ಸೇಹೊ ಬ್ಯಾಂಕಲ್ಲಿ ಕೆಲಸ, ಚಿಕ್ಕಂದಿಂದ ಕಿವಿ ಸರಿಯಾಗಿ ಕೇಳ್ತಿರಲಿಲ್ಲ. ಅದೇ ಸಂಘದ ತೊಮಿಯಾಸು ಫೂಸೇ ಅಂಚೆ-ತಂತಿ ನೋಡ್ಕೊಳ್ಳೋ ಇಲಾಖೆಯ ದೊಡ್ಡ ಅಧಿಕಾರಿ. ಆ ಕಾಲದ ಹೈಕುವಿನ ಮುಂದಿನ ಸಾಲಲ್ಲಿ ನಿಂತವರೆಲ್ಲಾ ಬೆಳಗ್ಗೆ ಎದ್ದು ಡ್ಯೂಟಿಗೆ ಹೋಗ್ತಿದ್ದವರು!

ಮುಂದೆ ಏನಾಯ್ತು ಅಂದ್ರೆ, 1931ರಲ್ಲಿ ಶೂಓಶಿ ಕ್ಯೋಶಿ ಬಳಗ ಬಿಟ್ಟು ಹೊರಟ್ರು. ಅವರ ವಾದ ಏನು ಅಂದ್ರೆ, ನಿಸರ್ಗದಲ್ಲಿರೋ ಸತ್ಯ ಒಂದು, ಕಲೆಯ ಸತ್ಯ ಇನ್ನೊಂದು, ಬರೀ ಕಂಡಿದ್ದನ್ನ ಬರೆದಿಟ್ರೆ ಅದು ಕಲೆ ಆಗಲ್ಲ, ಕವಿಯ ಮನಸ್ಸು ಅದರಲ್ಲಿ ಕೆಲಸ ಮಾಡಿರಬೇಕು. ಆಮೇಲೆ ಸೇಶಿಯೂ ಹೊರಟ್ರು, ಹೊಸ ಹೈಕು ಚಳವಳಿ ಹುಟ್ಟಿಕೊಂಡ್ತು. ಆದ್ರೆ ನಾಲ್ವರನ್ನ ಒಟ್ಟಿಗೆ ಹೆಸರಿಸಿದ ಸೇಸೊನ್ ಕ್ಯೋಶಿ ಹತ್ರಾನೇ ಉಳಿದ್ರು. ಇದನ್ನ ಕೆಲವರು ಹಳೇ ಜಾಡಿನವರು ಅಂತ ನೋಡ್ತಾರೆ. ಶೂಓಶಿ ಎತ್ತಿದ ಪ್ರಶ್ನೆ ನಿಜವಾದ ಪ್ರಶ್ನೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಲಾ ಫ್ಯಾಕಲ್ಟಿ ಪದ್ಯವನ್ನ ಎದುರಿಗಿಟ್ಟು ನೋಡಿದ್ರೆ, ಅದು ಬರೀ ಕಂಡಿದ್ದು, ಒಂದು ಚೂರೂ ಸೇರಿಸಿಲ್ಲ, ಆದ್ರೂ ಅದರೊಳಗೆ ಒಬ್ಬ ಮನುಷ್ಯನ ದೃಷ್ಟಿ ಪೂರ್ತಿ ಇದೆ, ಯಾವುದನ್ನ ಯಾವುದರ ಪಕ್ಕ ಇಟ್ರು ಅನ್ನೋದ್ರಲ್ಲೇ ಆ ಮನಸ್ಸು ಕೆಲಸ ಮಾಡಿದೆ ಅಂತ ನನಗನಿಸುತ್ತೆ.

ಕೆಶ್ಶಾ ಒಂದು ಕಡೆ ಆದ್ರೆ, ಹೈಕು ಬರೆಯೋರ ನಿಜವಾದ ಗರಡಿ ಕುಕಾಯ್ ಅನ್ನೋ ಕೂಟ. ಹತ್ತು ಹದಿನೈದು ಜನ ಒಂದು ಕೋಣೇಲಿ ಸೇರ್ತಾರೆ. ಒಬ್ಬೊಬ್ಬರು ಇಷ್ಟು ಪದ್ಯ ಅಂತ ನಿಗದಿ. ಒಂದೊಂದು ಪದ್ಯವನ್ನೂ ಒಂದೊಂದು ಉದ್ದನೆ ಚೀಟಿ ಮೇಲೆ ಹೆಸರು ಹಾಕದೇ ಬರೀಬೇಕು. ಎಲ್ಲಾ ಚೀಟಿ ಕಲಸಿ, ಹಂಚಿ, ತಮಗೆ ಬಂದ ಬೇರೆಯವರ ಪದ್ಯಗಳನ್ನ ಪ್ರತಿಯೊಬ್ಬರೂ ಬೇರೆ ಹಾಳೆಗೆ ನಕಲು ಮಾಡ್ತಾರೆ. ಈ ನಕಲಿನ ಕೆಲಸ ಯಾಕೆ ಗೊತ್ತಾ, ಕೈಬರಹ ನೋಡಿ ಇದು ಇಂಥವರದ್ದು ಅಂತ ಗೊತ್ತಾಗಬಾರದು ಅಂತ. ಆ ಹಾಳೆಗಳು ಒಬ್ಬರಿಂದ ಒಬ್ಬರಿಗೆ ಸುತ್ತು ಬರ್ತವೆ, ಪ್ರತಿಯೊಬ್ಬರೂ ತಮಗೆ ಇಷ್ಟ ಆದದ್ದನ್ನ ಆರಿಸ್ತಾರೆ, ತಮ್ಮದನ್ನ ತಾವು ಆರಿಸೋ ಹಾಗಿಲ್ಲ. ಕೊನೆಗೆ ಒಬ್ಬರು ಆರಿಸಿದ ಪದ್ಯಗಳನ್ನ ಗಟ್ಟಿಯಾಗಿ ಓದ್ತಾ ಹೋಗ್ತಾರೆ, ನಿಮ್ಮ ಪದ್ಯ ಬಂದ ತಕ್ಷಣ ನೀವು ನಿಮ್ಮ ಹೆಸರು ಕೂಗಿ ಹೇಳ್ಬೇಕು. ಆಗಲೇ ಗೊತ್ತಾಗೋದು, ಅರೆ ಇದು ಆ ಹೊಸ ಹುಡುಗನ ಪದ್ಯವಾ ಅಂತ. ಗುರುಗಳ ಪದ್ಯವೂ ಇದೇ ಚೀಟಿಗಳ ಮಧ್ಯೆ ಇರುತ್ತೆ, ಯಾರೂ ಆರಿಸದೇ ಹೋಗಬಹುದು! ವಿಜ್ಞಾನದ ಜರ್ನಲ್ಲುಗಳಲ್ಲಿ ಹೆಸರು ಮುಚ್ಚಿ ಪೇಪರ್ ರಿವ್ಯೂ ಮಾಡಿಸ್ತಾರಲ್ಲ, ಹೆಚ್ಚುಕಮ್ಮಿ ಅದೇ ವ್ಯವಸ್ಥೆ, ಎದುರಾ ಎದುರು ಕೂತು. ಲ್ಯಾಬ್, ಗಣಿ, ಆಸ್ಪತ್ರೆಯಿಂದ ಬಂದ ಜನಕ್ಕೆ ಹೈಕು ಅಷ್ಟು ಹಿಡಿಸಿದ್ದು ಯಾಕೆ ಅಂತ ಕೇಳಿದ್ರೆ ನಾನು ಇದನ್ನೇ ತೋರಿಸ್ತೀನಿ.

ಯುದ್ಧ ಮುಗಿದ ಮೇಲೆ 1946ರಲ್ಲಿ ಫ್ರೆಂಚ್ ಸಾಹಿತ್ಯದ ವಿದ್ವಾಂಸ ಕುವಾಬಾರಾ ತಕೆಯೊ ಹೈಕು ಮೇಲೆ ದೊಡ್ಡ ದಾಳಿ ಮಾಡಿದ್ರು. ಹೆಸರಾಂತ ಕವಿಗಳ ಹತ್ತು ಪದ್ಯ, ಹೆಸರಿಲ್ಲದವರ ಐದು ಪದ್ಯ, ಎಲ್ಲಾ ಹದಿನೈದನ್ನೂ ಹೆಸರು ತೆಗೆದು ಕಲಸಿ ಕೊಟ್ಟು, ಯಾವುದು ಯಾರದ್ದು ಅಂತ ಹೇಳೋಕಾಗಲ್ಲ ಅಂದ ಮೇಲೆ ಇದು ಎರಡನೇ ದರ್ಜೆಯ ಕಲೆ ಅಂತ ಬರೆದ್ರು. ಹೈಕು ಲೋಕ ಅಲ್ಲಾಡಿತು. ಕೆಶ್ಶಾ ವ್ಯವಸ್ಥೆಗೆ ಆ ಏಟು ಬೇಕಾಗಿತ್ತು, ಗುರುವಿನ ಹೆಸರಿನ ಭಾರದಲ್ಲೇ ಸಾಮಾನ್ಯ ಪದ್ಯಗಳು ದೊಡ್ಡದಾಗಿದ್ದು ಸುಳ್ಳಲ್ಲ. ಆದ್ರೆ ಹೆಸರು ಮುಚ್ಚಿ ಓದೋದು ಕುಕಾಯ್‌ಗೆ ಹೊಸದಲ್ಲ, ಅಲ್ಲಿ ಪ್ರತಿ ಸಲ ನಡೆಯೋದೇ ಅದು. ಹಳಬನ ಪದ್ಯ ಬಿದ್ದು ಹೊಸಬನ ಪದ್ಯ ಗೆಲ್ಲೋದನ್ನ ಕುವಾಬಾರಾ ಕಲೆಯ ದೋಷ ಅಂದ್ರು, ಆ ಕೂಟದಲ್ಲಿ ಕೂತವರಿಗೆ ಅದೇ ಆಟದ ನಿಯಮ.

ಸೇಸೊನ್ ಪದ್ಯಗಳಿಗೆ ವಾಪಸ್ ಬರೋಣ, ಇನ್ನೆರಡು ನೋಡ್ಲೇಬೇಕು. 1937ರಲ್ಲಿ ಅವರು ಹೆಚ್ಚಿನ ಅಧ್ಯಯನಕ್ಕೆ ಬರ್ಲಿನ್‌ಗೆ ಹೊರಟ್ರು, ದಾರೀಲಿ ಚೀನಾದ ಯಾಂಗ್ಟ್ಸಿ ನದಿ. "ತಂಪೊಪೊ ಯ, ಚೋಕೋ ನಿಗೊರು, ತೊಕೊಶಿನಎ." ಡ್ಯಾಂಡೆಲಿಯಾನ್ ಹೂಗಳು, ಯಾಂಗ್ಟ್ಸಿ ಕದಡಿಕೊಂಡೇ ಇದೆ, ಯಾವತ್ತಿಗೂ. ಮಾತ್ರೆ ಎಣಿಸಿ ನೋಡಿ, ಇದೂ 5-7-5. ಆ "ಯ" ಅನ್ನೋದು ಕಡಿತದ ಅಕ್ಷರ, ಅಲ್ಲಿ ಪದ್ಯ ಒಂದು ಉಸಿರು ನಿಲ್ಲುತ್ತೆ. ದಡದಲ್ಲಿ ಕಾಲ ಬುಡದಲ್ಲಿರೋ ಪುಟ್ಟ ಹಳದಿ ಹೂವು, ಅದರಾಚೆ ಕಣ್ಣಿಗೆ ಮುಗಿಯದ ಕೆಸರು ನೀರು. ಅದೇ ವರ್ಷ ಆಗಸ್ಟಲ್ಲಿ ಶಾಂಘೈನಲ್ಲಿ ಜಪಾನ್-ಚೀನಾ ಘೋರ ಯುದ್ಧ ಶುರುವಾಯ್ತು, ಈಗ ಓದೋರು ಅದನ್ನ ಮರೆತು ಈ ಪದ್ಯ ಓದೋದು ಕಷ್ಟ.

ಇನ್ನೊಂದು, "ಗೈತೋ ನೊ, ಉರ ವ ಹಿ ನರಿಕಿ, ಮೇಜಿ ನೊ ಯುಕಿ." ಓವರ್‌ಕೋಟಿನ ಒಳಗಿನ ಬಟ್ಟೆ ಕಡುಗೆಂಪಾಗಿತ್ತು, ಮೇಜಿ ಕಾಲದ ಹಿಮ. ಮೇಜಿ ಚಕ್ರವರ್ತಿಯ ಆಳ್ವಿಕೆ ಮುಗಿದಿದ್ದು 1912ರಲ್ಲಿ, ಅಂದ್ರೆ ಸೇಸೊನ್‌ಗೆ ಇಪ್ಪತ್ತು ವರ್ಷ ಇದ್ದಾಗ. ಬಾಲ್ಯ, ಹದಿಹರೆಯದ ಹೆಚ್ಚು ಭಾಗ ಆ ಹಿಮದ ಊರಲ್ಲೇ. ಕಪ್ಪು ಕೋಟು ಗಾಳಿಗೆ ಹಾರಿದಾಗ ಒಳಗಿನ ಕೆಂಪು ಕಂಡಿದ್ದು, ಸುತ್ತ ಬಿಳಿ. ಒಂದು ಇಡೀ ಯುಗದ ನೆನಪನ್ನ ಕೋಟಿನ ಅಸ್ತರಿನ ಬಣ್ಣದಲ್ಲಿ ಹಿಡಿದಿಟ್ಟಿದ್ದಾರೆ. ಕೊನೇ ಸಾಲಲ್ಲಿ ಮಾತ್ರೆ ಎಣಿಸಿದ್ರೆ 5 ಬರಲ್ಲ, ಮೇ ಎರಡು, ಜಿ, ನೊ, ಯು, ಕಿ, ಒಟ್ಟು 6. ಒಂದು ಹೆಚ್ಚು. ಇಂಥದ್ದಕ್ಕೆ ಹೈಕುವಿನಲ್ಲಿ ಅವಕಾಶ ಇದೆ, ಕಾರಣ ಇದ್ರೆ ಸಾಕು. ಇಲ್ಲಿ ಆ ಒಂದು ಮಾತ್ರೆ ಹೆಚ್ಚಾಗಿದ್ದರಿಂದಲೇ ಕೊನೆಯ ಸಾಲು ಬೇಗ ಮುಗಿಯದೇ ಸ್ವಲ್ಪ ಎಳೆಯುತ್ತೆ, ಹಿಮ ಬೀಳ್ತಾನೇ ಇರೋ ಹಾಗೆ. ಅಳತೆ ಗೊತ್ತಿರೋ ಇಂಜಿನಿಯರ್ ಅಳತೆ ಮೀರಿದ್ದು ಅದು, ತಪ್ಪಿ ಬಿದ್ದಿದ್ದಲ್ಲ.

ಇಷ್ಟು ಸಂಯಮದ ಮನುಷ್ಯ ಒಮ್ಮೊಮ್ಮೆ ದನಿ ಎತ್ತಿದ್ದೂ ಇದೆ. ಒಂದು ಕ್ರಿಕೆಟ್ ಹುಳದ ಮುಖ ನೋಡಿ, ಈ ಹಟಮಾರಿ, ಒಂದೇ ಪಟ್ಟಿನ ಮುಖವನ್ನ ನೋಡಿ ಅಂತ ಓದುಗನಿಗೇ ಆಜ್ಞೆ ಮಾಡೋ ಪದ್ಯ ಇದೆ. ಕ್ರಿಕೆಟ್ ಹುಳದ ಮೇಲೆ ಹೈಕು ಬರೆದವರು ಸಾಮಾನ್ಯವಾಗಿ ಅದರ ದನಿ ಕೇಳ್ತಾರೆ, ಇವರು ಬಗ್ಗಿ ಮುಖ ನೋಡಿದ್ರು.

1939ರಲ್ಲಿ ಬರ್ಲಿನ್ನಿಂದ ವಾಪಸ್ ಬಂದ್ರು. ಟೋಕಿಯೋದ ಸುಗಿನಾಮಿಯಲ್ಲಿದ್ದ ತಮ್ಮ ಮನೆಗೆ ಅವರು ಇಟ್ಟ ಹೆಸರು ಜಸ್ಸೋಎನ್, ಕಳೆಗಿಡಗಳ ತೋಟ. 1934ರ ಮೊದಲ ಸಂಕಲನದ ಹೆಸರೂ ಅದೇ. ಆ ಮನೆಯನ್ನ ಈಗ ಇವಾತೆಯ ಕಿತಾಕಾಮಿ ಊರಿಗೆ ಸಾಗಿಸಿ, ಅಲ್ಲಿನ ಆಧುನಿಕ ಕಾವ್ಯ ಮ್ಯೂಸಿಯಂ ಹತ್ರ ಮತ್ತೆ ನಿಲ್ಲಿಸಿದ್ದಾರೆ. 1930ರಲ್ಲಿ ಮೊರಿಯೋಕಾದಿಂದ ಶುರುವಾದ ನತ್ಸುಕುಸಾ ಪತ್ರಿಕೆಗೆ ಪದ್ಯ ಆರಿಸೋ ಹೊಣೆ ಅವರದ್ದು, ಅದನ್ನ ಐವತ್ತು ವರ್ಷಕ್ಕೂ ಮೇಲೆ ನಡೆಸಿದ್ರು, 96ನೇ ವಯಸ್ಸಲ್ಲಿ ತೀರಿಕೊಂಡ್ರು.

ಅಲ್ಲಿಂದ ಬೆಳೆದವರಲ್ಲಿ ಇಬ್ಬರ ಹೆಸರು ಹೇಳ್ಬೇಕು. ಅರಿಮಾ ಅಕಿತೊ (1930–2020), ಪರಮಾಣು ಬೀಜದ ರಚನೆ ವಿವರಿಸೋ ಇಂಟರಾಕ್ಟಿಂಗ್ ಬೋಸಾನ್ ಮಾಡೆಲ್ ಅನ್ನ ಫ್ರಾಂಕೊ ಯಾಕೆಲ್ಲೋ ಜೊತೆ ಕಟ್ಟಿದ ಭೌತವಿಜ್ಞಾನಿ, ಆಮೇಲೆ ಟೋಕಿಯೋ ಯೂನಿವರ್ಸಿಟಿ ಅಧ್ಯಕ್ಷ, 1998ರಲ್ಲಿ ದೇಶದ ಶಿಕ್ಷಣ ಸಚಿವ. ವಿದ್ಯಾರ್ಥಿಯಾಗಿದ್ದಾಗಲೇ ಸೇಸೊನ್ ಕೈಕೆಳಗೆ ಹೈಕು ಕಲಿತವರು, ಕೊನೇ ತನಕ ಬಿಡಲಿಲ್ಲ. ಇನ್ನೊಬ್ಬರು ಕುರೊದಾ ಮೊಮೊಕೊ (1938–2023), ಟೋಕಿಯೋದ ಮಹಿಳಾ ಯೂನಿವರ್ಸಿಟಿಯಲ್ಲಿ ಓದ್ತಾ ಸೇಸೊನ್ ಮೇಷ್ಟ್ರ ಕೂಟಕ್ಕೆ ಸೇರಿದವರು, ಜಾಹೀರಾತು ಕಂಪನೀಲಿ ಕೆಲಸ ಮಾಡ್ತಾ ಬರೆದವರು. 1990ರಲ್ಲಿ ಅರಿಮಾ ತೆನ್‌ಇ ಅನ್ನೋ ಪತ್ರಿಕೆ, ಕುರೊದಾ ಆಓಇ ಅನ್ನೋ ಪತ್ರಿಕೆ ಶುರು ಮಾಡಿದ್ರು.

ಕನ್ನಡದಲ್ಲಿ ಹೈಕು ಬರೆಯೋ ಗೆಳೆಯರ ಗುಂಪುಗಳು ಈಗ ವಾಟ್ಸಾಪಲ್ಲಿ ಬೇಕಾದಷ್ಟಿವೆ, ಹಾಕಿದ ತಕ್ಷಣ ಚಪ್ಪಾಳೆ ಎಮೋಜಿ ಬರ್ತವೆ. ಅಲ್ಲೇ ಒಂದು ಕುಕಾಯ್ ಮಾಡಿ ನೋಡಬಹುದು, ಏನೂ ಖರ್ಚಿಲ್ಲ. ಒಂದು ಋತುಪದ ಮೊದಲೇ ಗೊತ್ತುಮಾಡಿ, ಮುಂಗಾರು ಅಂತಲೋ ಮಾಗಿ ಚಳಿ ಅಂತಲೋ. ಆರೇಳು ಜನ ಮೂರು ಮೂರು ಪದ್ಯ ಒಬ್ಬರಿಗೆ ಮಾತ್ರ ಪರ್ಸನಲ್ಲಾಗಿ ಕಳಿಸಿ, ಅವರು ಹೆಸರು ತೆಗೆದು, ನಂಬರ್ ಹಾಕಿ, ಕಲಸಿ ಗುಂಪಿಗೆ ಹಾಕಲಿ. ಎಲ್ಲರೂ ತಮ್ಮದಲ್ಲದ ಮೂರು ಆರಿಸಿ, ಯಾಕೆ ಆರಿಸಿದ್ದು ಅಂತ ಎರಡು ಸಾಲು ಬರೆದ ಮೇಲಷ್ಟೇ ಹೆಸರು ಹೇಳೋದು. ಪದ್ಯ ಸಂಗ್ರಹಿಸಿದವರು ಆ ಸಲ ಆರಿಸೋದ್ರಿಂದ ಹೊರಗಿರಲಿ, ಮುಂದಿನ ಸಲ ಬೇರೆಯವರು ಆ ಕೆಲಸ ನೋಡ್ಕೊಳ್ಳಲಿ.